ಎಲ್ಲರ ಸೊಂಟ ನಲವತ್ತಾರು

ಬೇಕರಿಯವರ ಸೊಂಟ ಎರಡು ಇಂಚು ಹೆಚ್ಚಾದದ್ದೇ ಎಲ್ಲಕ್ಕೂ ಮೂಲ.

ಬೆಳಿಗ್ಗೆ ಒಂಬತ್ತೂವರೆಗೆ ಅವರು ಹೊಲಿಗೆ ಅಂಗಡಿಗೆ ಫೋನ್ ಮಾಡಿ, "ಹಳೇ ಅಳತೆಗೆ ಹೊಲೀಬೇಡಿ. ನಲವತ್ತನಾಲ್ಕು ಅಂತಿರೋದನ್ನ ನಲವತ್ತಾರು ಮಾಡ್ಕೊಳ್ಳಿ. ನಮ್ಮನೆಯವಳು ಬಂದು ಕೇಳಿದ್ರೆ ಹೇಳಬೇಡಿ" ಅಂದರು. ಕೌಂಟರಿನಲ್ಲಿ ಕೂರುವ ಅಕ್ಕ ಅದನ್ನು ಚೀಟಿಯಲ್ಲಿ ಬರೆದು ತಂದು ಕಂಪ್ಯೂಟರಪ್ಪನ ಮೇಜಿನ ಮೇಲಿಟ್ಟಳು.

ಕಂಪ್ಯೂಟರಪ್ಪ ಎಂಬುದು ಅವನ ತಂದೆತಾಯಿ ಇಟ್ಟ ಹೆಸರಲ್ಲ. ಮಹಡಿಯ ಮೇಲೆ ಬಟ್ಟೆ ಕತ್ತರಿಸುವ ಮಾಸ್ಟರು ಇಟ್ಟದ್ದು. ಅವನು ಅಂಗಡಿಗೆ ಸೇರಿದ ಮೊದಲ ದಿನವೇ ಇಟ್ಟರು, ಎರಡನೇ ದಿನಕ್ಕೆ ಅವನ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಯಿತು. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಅವನ ಮೇಜು. ಒಂದು ಪಕ್ಕ ಬಟ್ಟೆ ತೊಟ್ಟುನೋಡುವ ಕೋಣೆ. ಒಳಗೆ ಗಿರಾಕಿಗಳು ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಳ್ಳುವುದು, ಹಾಕಿಯಾದ ಮೇಲೆ ಉಸಿರು ಬಿಡುವುದು ಎರಡೂ ಅವನಿಗೆ ಕೇಳಿಸುತ್ತಿತ್ತು. ಇನ್ನೊಂದು ಪಕ್ಕ ಹನ್ನೊಂದು ಸಾವಿರದ ಇನ್ನೂರೆಂಟು ಜನರ ಎದೆ, ಸೊಂಟ, ತೋಳು, ಕಾಲುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಕಂಪ್ಯೂಟರು.

ಆ ಅಳತೆಗಳೇ ಅಂಗಡಿಯ ಆಸ್ತಿ. ಒಮ್ಮೆ ಅಳತೆ ಕೊಟ್ಟವರು ಮತ್ತೆ ಬರಬೇಕಾಗಿಲ್ಲ, ಬಟ್ಟೆ ಕಳಿಸಿದರೆ ಸಾಕು ಎಂಬುದು ಯಜಮಾನರ ಹೆಮ್ಮೆ. ಹಾಗಾಗಿ ಎರಡು ತಿಂಗಳ ಹಿಂದೆ ಅವರು ಕಂಪ್ಯೂಟರಪ್ಪನನ್ನು ಕರೆದು, "ಈ ಮೆಷೀನು ಕೆಟ್ಟರೆ ನನ್ನ ಗತಿ ಏನು? ಒಂದು ಅಳತೆಯೂ ಹೋಗಬಾರದು. ಏನು ಮಾಡಬೇಕು ಹೇಳಿ. ಒಂದೇ ಒಂದು ದಾರಿ ಹೇಳಿ, ಎರಡು ಹೇಳಿದ್ರೆ ನಂಗೆ ತಲೆನೋವು" ಅಂದಿದ್ದರು.

ದಾರಿಗಳು ಎರಡಿದ್ದವು. ಸಂಜೆ ತರಗತಿಯಲ್ಲಿ ಮೂರು ವರ್ಷ ಕಲಿತು ಬಂದ ಕಂಪ್ಯೂಟರಪ್ಪನಿಗೆ ಎರಡೂ ಗೊತ್ತಿತ್ತು. ಒಂದು ಬ್ಯಾಕಪ್: ದಿನಾ ಸಂಜೆ ಎಲ್ಲವನ್ನೂ ಪ್ರತಿ ಮಾಡಿ ಬೇರೆ ಕಡೆ ಎತ್ತಿಡುವುದು. ಇನ್ನೊಂದು ರೆಪ್ಲಿಕೇಶನ್: ಎರಡು ಬೀದಿ ಆಚೆಗಿನ ಬ್ರಾಂಚಿನಲ್ಲಿ ಇನ್ನೊಂದು ಮೆಷೀನು ಇಟ್ಟು, ಇಲ್ಲಿ ಬರೆದದ್ದು ಅಲ್ಲಿಯೂ ಆ ಕ್ಷಣದಲ್ಲೇ ಮೂಡುವ ಹಾಗೆ ಮಾಡುವುದು. ಅವನು ಮೂರು ವಾರ ಯೋಚಿಸಿದ. ಬ್ಯಾಕಪ್ ಎಂದುಕೊಂಡು ಮಲಗಿದರೆ ರೆಪ್ಲಿಕೇಶನ್ ಎಂದುಕೊಂಡು ಏಳುತ್ತಿದ್ದ. ಬ್ಯಾಕಪ್ ಆದರೆ, ಮಧ್ಯಾಹ್ನ ಮೆಷೀನು ಸತ್ತರೆ ಬೆಳಗಿನಿಂದ ತೆಗೆದ ಅಳತೆಯೆಲ್ಲ ಹೋಯಿತು. ರೆಪ್ಲಿಕೇಶನ್ ಆದರೆ ಕಣ್ಣು ಮಿಟುಕಿಸುವಷ್ಟೂ ನಷ್ಟವಿಲ್ಲ. ಕೊನೆಗೆ ಅದನ್ನೇ ಹೇಳಿದ. ಯಜಮಾನರು ಖುಷಿಯಾಗಿ ಬೆನ್ನು ತಟ್ಟಿದ್ದರು. ಬ್ರಾಂಚಿಗೆ ಎರಡನೇ ಮೆಷೀನು ಬಂದು ಐದು ವಾರವಾಗಿತ್ತು.

ಅವನು ಲೆಕ್ಕ ಹಾಕಿದ್ದು ಮೆಷೀನು ಸಾಯುವ ಬಗ್ಗೆ. ತನ್ನ ಬೆರಳಿನ ಬಗ್ಗೆ ಯೋಚಿಸಿರಲಿಲ್ಲ.

ಈಗ ಬೇಕರಿಯವರ ಅಳತೆ ತಿದ್ದಲು ಹೋದರೆ ಪರದೆಯ ಮೇಲಿನ ಫಾರಂ ಒಪ್ಪಲಿಲ್ಲ. ನಲವತ್ತೈದಕ್ಕಿಂತ ದೊಡ್ಡ ಸೊಂಟ ಜಗತ್ತಿನಲ್ಲಿ ಇರುವುದಿಲ್ಲ ಎಂಬುದು ಅದರ ನಂಬಿಕೆ. ಅದನ್ನು ಬರೆದ ಪುಣ್ಯಾತ್ಮ ಕಡ್ಡಿಯ ಹಾಗಿದ್ದಿರಬೇಕು. ಇಂಥ ಹೊತ್ತಿಗೆ ಕಂಪ್ಯೂಟರಪ್ಪ ಫಾರಮ್ಮನ್ನು ಬದಿಗಿಟ್ಟು ಡೇಟಾಬೇಸಿಗೆ ನೇರವಾಗಿ ಆಜ್ಞೆ ಬರೆಯುತ್ತಿದ್ದ. ಮೊದಲ ಸಾಲಿನಲ್ಲಿ 'ಸೊಂಟ ನಲವತ್ತಾರು ಮಾಡು', ಎರಡನೇ ಸಾಲಿನಲ್ಲಿ 'ಇಂಥ ಸಂಖ್ಯೆಯ ಗಿರಾಕಿಗೆ ಮಾತ್ರ'. ಸಂಜೆ ತರಗತಿಯ ಮೇಡಂ ಮೂರು ವರ್ಷವೂ ಹೇಳಿದ್ದು ಒಂದೇ ಮಾತು: ಯಾರಿಗೆ ಅಂತ ಮೊದಲು ಬರೆಯಿರಿ, ಏನು ಅಂತ ಆಮೇಲೆ ಬರೆಯಿರಿ.

ಅವನು ಮೊದಲ ಸಾಲು ಬರೆದು ಬೇಕರಿಯವರ ಸಂಖ್ಯೆಗಾಗಿ ಚೀಟಿ ನೋಡುತ್ತಿದ್ದಾಗ ಅಕ್ಕ ಹಿಂದಿನಿಂದ ಬಗ್ಗಿ ಕಿವಿಯ ಹತ್ತಿರ, "ತಮ್ಮಾ, ಸಂಜೆ ಐದಕ್ಕೆ ಯಜಮಾನರು ಬಂದು ನಿನ್ನ ಕಾಯಂ ಮಾಡ್ತಾರಂತೆ, ನಿಜಾನಾ?" ಅಂದಳು.

ಬೆರಳು ಎಂಟರ್ ಗುಂಡಿಯ ಮೇಲೆ ಬಿತ್ತು.

ಪರದೆಯ ಮೇಲೆ ಬಹಳ ವಿನಯದಿಂದ ಒಂದು ಸಾಲು ಮೂಡಿತು: 11208 ದಾಖಲೆಗಳನ್ನು ತಿದ್ದಲಾಗಿದೆ.

ಕಂಪ್ಯೂಟರಪ್ಪ ಅದನ್ನು ಮೂರು ಸಲ ಓದಿದ. ಒಬ್ಬ ಗಿರಾಕಿಯನ್ನು ತೆರೆದು ನೋಡಿದ. ಹೈಸ್ಕೂಲಿನ ಡ್ರಿಲ್ ಟೀಚರು, ಸೊಂಟ ನಲವತ್ತಾರು. ಇನ್ನೊಬ್ಬರನ್ನು ನೋಡಿದ. ನಾಲ್ಕು ವರ್ಷದ ಮಗು, ಎದೆ ಇಪ್ಪತ್ತೆರಡು, ಸೊಂಟ ನಲವತ್ತಾರು.

"ಯಾಕೋ ತಮ್ಮಾ, ಮುಖ ಒಗೆದು ಹಿಂಡಿದ ಹಾಗಾಯ್ತು? ಕಾಯಂ ಮಾಡ್ತಾರೆ ಅಂದ್ರೆ ನಗಬೇಕಪ್ಪಾ."

ಕಾಯಂ. ಆ ಪದವೇ ಅವನಿಗೆ ಒಂದು ಹಳೆಯ ಹಲ್ಲುನೋವು. ಆರು ತಿಂಗಳಿಗೆಂದು ಸೇರಿದವನು. ಅದನ್ನು ಎರಡು ಸಲ ಮುಂದಕ್ಕೆ ಹಾಕಿದ್ದರು. ಮೊದಮೊದಲು ಮನೆಗೆ ಹೋದ ತಕ್ಷಣ ಹೆಂಡತಿ "ಆಯ್ತಾ?" ಎಂದು ಕೇಳುತ್ತಿದ್ದಳು. ಈಚೆಗೆ ಕೇಳುವುದನ್ನು ಬಿಟ್ಟಿದ್ದಳು. ಕೇಳುತ್ತಿದ್ದುದಕ್ಕಿಂತ ಇದು ಹೆಚ್ಚು ಚುಚ್ಚುತ್ತಿತ್ತು. ನಿನ್ನೆ ಯಜಮಾನರು ತಾವಾಗಿಯೇ, "ನಾಳೆ ಐದಕ್ಕೆ ಬರ್ತೀನಿ, ನಿಮ್ಮ ವಿಷಯ ಮುಗಿಸಿಬಿಡೋಣ" ಅಂದಿದ್ದರು. ಅದನ್ನು ಕೇಳಿ ಅವಳು ರಾತ್ರಿ ಊಟಕ್ಕೆ ಕೂತಾಗ ಎರಡು ಸಲ ನಕ್ಕಿದ್ದಳು.

ಅವನು ಎದ್ದು ಓಡಿದ. ಬ್ರಾಂಚಿನ ಮೆಷೀನಿನ ತಂತಿ ಕಿತ್ತರೆ ಅಲ್ಲಾದರೂ ಸರಿಯಾದ ಅಳತೆ ಉಳಿಯಬಹುದು ಎಂಬ ಆಸೆ. ತಂತಿಯೊಳಗೆ ಹೋಗುವ ಸುದ್ದಿಯನ್ನು ಕಾಲಿನಲ್ಲಿ ಓಡಿ ಹಿಂದೆ ಹಾಕುತ್ತೇನೆಂದು ಹೊರಟ ಮೊದಲ ಮನುಷ್ಯ ಅವನೇ ಇರಬೇಕು. ಎರಡು ಬೀದಿ ದಾಟಿ, ಒಂದು ಸೈಕಲ್ಲಿಗೆ ಡಿಕ್ಕಿ ಹೊಡೆದು, ಅದರ ಸವಾರನಿಂದ ಬೈಸಿಕೊಂಡು, ಬ್ರಾಂಚಿನೊಳಗೆ ನುಗ್ಗಿ ತಂತಿ ಕಿತ್ತ.

"ಏನ್ರೀ ಇದು, ಬೆಂಕಿ ಬಿತ್ತಾ?" ಅಂದರು ಬ್ರಾಂಚಿನ ಮ್ಯಾನೇಜರು.

"ಇಲ್ಲ ಸಾರ್, ಪರೀಕ್ಷೆ. ನಿಮ್ಮಲ್ಲಿ ಯಾರದಾದರೂ ಸೊಂಟ ನೋಡಿ."

ಮ್ಯಾನೇಜರು ಕನ್ನಡಕ ಏರಿಸಿ ನೋಡಿದರು. "ನನ್ನದೇ ನೋಡಿದೆ. ನಲವತ್ತಾರು." ತಮ್ಮ ಹೊಟ್ಟೆಯ ಕಡೆ ಕಣ್ಣು ಹಾಯಿಸಿದರು. "ಮೂವತ್ತೆಂಟು ಅಂದ್ಕೊಂಡಿದ್ದೆ. ನಮ್ಮನೆಯಲ್ಲಿ ಹೇಳ್ತಾನೇ ಇದ್ರು. ಇನ್ನು ಮೇಲೆ ಸಂಜೆ ತಿಂಡಿ ಬಿಡಬೇಕು."

"ಹಾಗೇನಿಲ್ಲ ಸಾರ್..."

"ಸಮಾಧಾನ ಮಾಡಬೇಡಿ. ಮೆಷೀನು ಸುಳ್ಳು ಹೇಳಲ್ಲ. ಬಹಳ ನಿಯತ್ತಿನದು ಇದು. ಅಲ್ಲಿ ನೀವು ಗುಂಡಿ ಒತ್ತಿದ್ರೆ ಇಲ್ಲಿ ಉಸಿರು ಬಿಡೋದ್ರೊಳಗೆ ಬಂದಿರುತ್ತೆ."

ಆ ನಿಯತ್ತೇ ತನ್ನ ಕುತ್ತಿಗೆಗೆ ಬಂದಿದೆ ಎಂದು ಅವರಿಗೆ ಹೇಳುವ ಹಾಗಿರಲಿಲ್ಲ. ಅವಳಿ ಮಕ್ಕಳಲ್ಲಿ ಒಂದು ವಿಷ ಕುಡಿದರೆ ಇನ್ನೊಂದಕ್ಕೂ ಅದೇ ಲೋಟದಿಂದ ಕುಡಿಸುವ ವ್ಯವಸ್ಥೆಯನ್ನು ತಾನೇ ಮೂರು ವಾರ ಯೋಚಿಸಿ ಆರಿಸಿದ್ದೆ ಎಂಬುದು ಆಗ ಅವನಿಗೆ ಹೊಳೆಯಿತು. ತಂತಿಯನ್ನು ಮತ್ತೆ ಸಿಕ್ಕಿಸಿ ಹೊರಟ.

ಅಂಗಡಿಗೆ ವಾಪಸು ಬಂದರೆ ಮಹಡಿಯ ಮೇಲಿನಿಂದ ಕತ್ತರಿಯ ಸದ್ದು. ವಾದ್ಯದ ತಂಡದ ನಲವತ್ತು ಜನರ ಸಮವಸ್ತ್ರ ಇವತ್ತೇ ಕತ್ತರಿಸಬೇಕಿತ್ತು, ಅವನು ಹೊರಗಿದ್ದಾಗ ಅಕ್ಕ ಅವರ ಅಳತೆಯ ಚೀಟಿಗಳನ್ನು ಪ್ರಿಂಟ್ ತೆಗೆದು ಮೇಲೆ ಕೊಟ್ಟಿದ್ದಳು. ಓಡಿ ಹತ್ತಿದ. ಕಟಿಂಗ್ ಮಾಸ್ಟರು ಉದ್ದನೆಯ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿ, ಬಾಯಲ್ಲಿ ಸೀಮೆಸುಣ್ಣ ಕಚ್ಚಿಕೊಂಡು, ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು.

"ಬಾ ಕಂಪ್ಯೂಟರಪ್ಪ. ಕೊಳಲು ಊದೋ ಹುಡುಗಿಗೆ ಪ್ಯಾಂಟು ಕತ್ತರಿಸಿದೆ ನೋಡು. ಅದರೊಳಗೆ ಅವಳೂ, ಕೊಳಲೂ, ಅವಳ ತಾಯಿ ತಂದೆನೂ ಇರಬಹುದು."

"ಮಾಸ್ಟ್ರೇ, ಯಾಕೆ ಕತ್ತರಿಸಿದ್ರಿ? ಕಣ್ಣಿಗೆ ಗೊತ್ತಾಗಲಿಲ್ವಾ?"

"ಕಣ್ಣಿಗೆ ಗೊತ್ತಾಗುತ್ತೆ. ಆದರೆ ಹೋದ ವರ್ಷ ಕಣ್ಣಳತೆಯಲ್ಲಿ ಒಂದು ಕೋಟು ಕತ್ತರಿಸಿದ್ದಕ್ಕೆ ಯಜಮಾನರು ಏನು ಹೇಳಿದ್ರು? 'ಮಾಸ್ಟ್ರೇ, ಕಂಪ್ಯೂಟರಿನ ಚೀಟಿಯಲ್ಲಿ ಇರೋದೇ ಅಳತೆ, ನಿಮ್ಮ ಕಣ್ಣು ಮನೇಲಿಟ್ಟು ಬನ್ನಿ' ಅಂದ್ರು. ಇಟ್ಟು ಬಂದಿದ್ದೀನಪ್ಪ." ಮತ್ತೊಂದು ಚೀಟಿ ಎತ್ತಿಕೊಂಡರು. "ತಮಟೆಯವನು, ನಲವತ್ತಾರು. ಜಾಗಟೆಯವನು, ನಲವತ್ತಾರು. ಬಹಳ ಒಗ್ಗಟ್ಟಿನ ತಂಡ."

ಕಂಪ್ಯೂಟರಪ್ಪ ಕೈಮುಗಿದ. ನಡೆದದ್ದನ್ನೆಲ್ಲ ಹೇಳಿದ. ಸಂಜೆ ಐದರ ವಿಷಯವನ್ನೂ ಹೇಳಿದ. ಮಾಸ್ಟರು ಸೀಮೆಸುಣ್ಣ ಬಾಯಿಂದ ತೆಗೆದರು.

"ಒಂದು ಪ್ರತಿನೂ ಇಲ್ವಾ ಎಲ್ಲೂ?"

ಆಗ ನೆನಪಾಯಿತು. ಎರಡನೇ ಮೆಷೀನು ಬಂದ ದಿನ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ತುಂಬಿಕೊಂಡು ಬ್ರಾಂಚಿಗೆ ಒಯ್ದಿದ್ದ. ಪ್ರತಿಯನ್ನು ಮೂಲ ಇರುವ ಸೂರಿನ ಕೆಳಗೆ ಇಡಬಾರದು ಎಂದು ಮೇಡಂ ಹೇಳಿದ್ದರಿಂದ ಅದನ್ನು ಮನೆಗೆ ತಂದು ಕಪಾಟಿನಲ್ಲಿಟ್ಟಿದ್ದ. ಐದು ವಾರದ ಹಳೆಯದು. ಆದರೂ ಅದು ಸಿಕ್ಕರೆ ಜೀವ ಸಿಕ್ಕ ಹಾಗೆ.

"ಹೋಗಿ ತಾ" ಅಂದರು ಮಾಸ್ಟರು. "ಅಲ್ಲಿವರೆಗೂ ನಾನು ಕತ್ತರಿಗೆ ಸಾಣೆ ಹಿಡೀತಾ ಇರ್ತೀನಿ. ಇದು ಬೇಗ ಮುಗಿಯೋ ಕೆಲಸ ಅಲ್ಲ, ನಾನು ಬೇಕು ಅಂದಷ್ಟು ಹೊತ್ತು ಹಿಡಿಯುತ್ತೆ."

ಮನೆಯಲ್ಲಿ ಹೆಂಡತಿ ಬಾಗಿಲು ತೆರೆದು ಬೆವತು ನಿಂತ ಗಂಡನನ್ನು ನೋಡಿದಳು. ತಿಂಗಳುಗಳ ನಂತರ ಮೊದಲ ಸಲ, "ಆಯ್ತಾ?" ಅಂದಳು.

"ಸಂಜೆ. ಕಪಾಟಿನಲ್ಲಿದ್ದ ಪೆನ್‌ಡ್ರೈವ್ ಎಲ್ಲಿ?"

"ಮೇಲಿನ ಮನೆ ಆಂಟಿ ಫೋಟೋ ಹಾಕಿಸೋಕೆ ಬೇಕು ಅಂದ್ರು. ಕೊಟ್ಟೆ. ಖಾಲಿ ಇರ್ಲಿಲ್ವಾ ಅದು?"

ಅವನು ಓಡಿ ಮೆಟ್ಟಿಲು ಹತ್ತಿದ. ಮೇಲಿನ ಮನೆ ಆಂಟಿ ನಿಧಾನದ ಮನುಷ್ಯೆ. ಅವನನ್ನು ಕೂರಿಸಿ, ನೀರು ಕೊಟ್ಟು, ತಮ್ಮ ಮೊಮ್ಮಗಳ ಫೋಟೋಗಳು ಎಷ್ಟು ಚೆನ್ನಾಗಿವೆಯೆಂದು ಹೇಳಿ, ಆಮೇಲೆ, "ಅದರಲ್ಲಿ ಜಾಗನೇ ಇರಲಿಲ್ಲಪ್ಪ. ಯಾವುದೋ ಒಂದು ದೊಡ್ಡ ಫೈಲು ಕೂತ್ಕೊಂಡಿತ್ತು. ಸ್ಟುಡಿಯೋದವನಿಗೆ ಅಳಿಸಿಬಿಡು ಅಂದೆ" ಅಂದರು.

"ಅಳಿಸಿದನಾ?"

"ಅಳಿಸಿರ್ತಾನೆ. ನಾನು ಹೇಳಿದ ಮೇಲೆ."

ಸ್ಟುಡಿಯೋ ಬಸ್ ನಿಲ್ದಾಣದ ಹಿಂದೆ. ಅಲ್ಲಿಗೆ ಹೋಗುವಷ್ಟರಲ್ಲಿ ಕಂಪ್ಯೂಟರಪ್ಪ ದಾರಿಯಲ್ಲಿ ಎದುರಾದ ಪ್ರತಿಯೊಬ್ಬರ ಸೊಂಟವನ್ನೂ ನೋಡುತ್ತಿದ್ದ. ಒಬ್ಬ ಹೆಂಗಸು ಅವನನ್ನು ದುರುಗುಟ್ಟಿ ನೋಡಿ ರಸ್ತೆಯ ಆ ಪಕ್ಕಕ್ಕೆ ಹೋದಳು. ಸ್ಟುಡಿಯೋದವನು ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಪೆನ್‌ಡ್ರೈವ್ ಅವನ ಮುಂದೆ ಟೀ ಲೋಟದ ಪಕ್ಕದಲ್ಲೇ ಬಿದ್ದಿತ್ತು.

"ಅದರಲ್ಲಿದ್ದ ದೊಡ್ಡ ಫೈಲು..." ಅಂದ ಕಂಪ್ಯೂಟರಪ್ಪ.

"ಆಂಟಿಗೆ ಹೇಳಬೇಡಿ ಸಾರ್. ಅಳಿಸಬೇಕು ಅಂತ ನಾಲ್ಕು ದಿನದಿಂದ ಅಂದ್ಕೊತಾ ಇದ್ದೀನಿ. ಆಗಿಲ್ಲ."

ಕಂಪ್ಯೂಟರಪ್ಪನಿಗೆ ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಜಗತ್ತನ್ನು ಕಾಪಾಡುತ್ತಿರುವುದು ಶ್ರದ್ಧೆಯಲ್ಲ, ಸೋಮಾರಿತನ ಎಂಬ ಅನುಮಾನ ಅವನಿಗೆ ಆಗಲೇ ಬಂದದ್ದು.

ಅಂಗಡಿಗೆ ಬಂದಾಗ ಒಂದೂವರೆ. ಹಳೆಯ ಪ್ರತಿಯಿಂದ ಸೊಂಟಗಳನ್ನು ಮಾತ್ರ ಆರಿಸಿ ತಂದು ಜೋಡಿಸುವ ಉಪಾಯವೂ ಇತ್ತು. ಆದರೆ ಅದನ್ನು ಕಲಿಸಿದ ವಾರ ಅವನಿಗೆ ಜ್ವರ. ಗೊತ್ತಿಲ್ಲದ್ದನ್ನು ಇವತ್ತು ಮಾಡಿನೋಡುವ ಧೈರ್ಯ ಇರಲಿಲ್ಲ. ಬೆಳಿಗ್ಗೆ ಗೊತ್ತಿದ್ದದ್ದನ್ನು ಮಾಡಿಯೇ ಹೀಗಾಗಿದೆ. ಪೂರ್ತಿ ಹಳೆಯದನ್ನೇ ತಂದು ಕೂರಿಸಬೇಕು, ಈ ಐದು ವಾರದಲ್ಲಿ ಬಂದ ಗಿರಾಕಿಗಳನ್ನು ಮತ್ತೆ ಕೈಯಲ್ಲಿ ಸೇರಿಸಬೇಕು. ಅಕ್ಕನ ಆರ್ಡರ್ ಪುಸ್ತಕ ತೆಗೆದು ನೋಡಿದರೆ ಹೊಸಬರು, ಅಳತೆ ತಿದ್ದಿಸಿಕೊಂಡವರು ಸೇರಿ ಎಂಬತ್ತಮೂರು ಜನ. ಅವರ ಪುಟಗಳನ್ನಷ್ಟೇ ಮೊದಲು ಪ್ರಿಂಟ್ ತೆಗೆದ. ಎದೆ, ತೋಳು, ಉದ್ದ ಎಲ್ಲ ಇತ್ತು. ಸೊಂಟ ಮಾತ್ರ ನಲವತ್ತಾರು.

"ಫೋನ್ ಮಾಡಿ ಕೇಳ್ತೀನಿ ಬಿಡು" ಅಂದಳು ಅಕ್ಕ. ವಿಷಯ ಯಾರಿಗೂ ಹೇಳುವುದಿಲ್ಲವೆಂದು ಅಷ್ಟರಲ್ಲಿ ಅವಳು ಅವನಿಗೆ ಭಾಷೆ ಕೊಟ್ಟಿದ್ದಳು. ಕಾಜಾ ಹಾಕುವವರು, ಗುಂಡಿ ಹೊಲಿಯುವವರು ಎಲ್ಲ ಮೆಟ್ಟಿಲ ಮೇಲೆ ಕೂತು ಮುಂದೇನು ಎಂದು ನೋಡುತ್ತಿದ್ದರು.

ಅವನು ಹಳೆಯ ಪ್ರತಿಯನ್ನು ಕೂರಿಸಿದ. ಉಸಿರು ಬಿಡುವುದರೊಳಗೆ ಬ್ರಾಂಚಿನಲ್ಲೂ ಅದೇ ಕೂತಿತು. ಡ್ರಿಲ್ ಟೀಚರು ಮೂವತ್ತಕ್ಕೆ ಇಳಿದರು. ನಾಲ್ಕು ವರ್ಷದ ಮಗು ಮತ್ತೆ ಮಗುವಾಯಿತು. ಬ್ರಾಂಚಿನ ಮ್ಯಾನೇಜರಿಂದ ಫೋನು: "ಏನ್ರೀ, ಮಧ್ಯಾಹ್ನ ಊಟ ಬಿಟ್ಟಿದ್ದಕ್ಕೇ ಮೂವತ್ತೆಂಟಕ್ಕೆ ಬಂದುಬಿಟ್ಟೆ."

ಈಚೆ ಅಕ್ಕ ಗಟ್ಟಿ ದನಿಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು. "ಸಾರ್, ನಿಮ್ಮ ಸೊಂಟ ಎಷ್ಟು? ಅಲ್ಲ ಸಾರ್, ತಮಾಷೆ ಅಲ್ಲ. ಮೂವತ್ತೆರಡಾ? ಸರಿ."

ಮಹಡಿಯ ಕಟಕಟೆಗೆ ಒರಗಿದ್ದ ಮಾಸ್ಟರು, "ಯಾರದು? ಇನ್ಶೂರೆನ್ಸಿನವರಾ? ಮೂವತ್ತಾರು ಬರ್ಕೋ" ಅಂದರು.

"ಅವರೇ ಹೇಳಿದ್ದು ಮಾಸ್ಟ್ರೇ, ಮೂವತ್ತೆರಡು ಅಂತ."

"ಫೋನಲ್ಲಿ ಗಂಡಸರು ಹೇಳೋದಕ್ಕೆ ನಾಲ್ಕು ಸೇರಿಸು. ಪಕ್ಕದಲ್ಲಿ ಯಾರಾದ್ರೂ ಇದ್ದು ಹೇಳಿದ್ರೆ ಐದು."

"ಹೆಂಗಸರಿಗೆ?"

"ಅವರು ಹೇಳೋದೇ ಇಲ್ಲ. ನನ್ನ ಕೇಳು."

ಹಾಗೆ ಎಂಬತ್ತಮೂರು ಸೊಂಟಗಳು ಒಂದೊಂದಾಗಿ ಮರಳಿ ಬಂದವು. ಕಂಪ್ಯೂಟರಪ್ಪ ಒಂದೊಂದನ್ನೂ ಬರೆದು, ಮತ್ತೆ ಓದಿ, ಅನುಮಾನವಾಗಿ ಇನ್ನೊಮ್ಮೆ ಓದಿ ಮುಂದೆ ಹೋದ. ಬೇಕರಿಯವರ ನಲವತ್ತಾರನ್ನು ಬರೆಯುವಾಗ ಮೊದಲು ಯಾರಿಗೆ ಎಂದು ಬರೆದ, ಆಮೇಲೆ ಏನು ಎಂದು ಬರೆದ. ಎಂಟರ್ ಒತ್ತುವ ಮೊದಲು ಅಕ್ಕನನ್ನು ಹೊರಗೆ ಕಳಿಸಿದ. ನಾಲ್ಕೂ ಮುಕ್ಕಾಲಿಗೆ ಎಲ್ಲ ಮುಗಿಯಿತು. ಕೊಳಲಿನ ಹುಡುಗಿಯ ಪ್ಯಾಂಟನ್ನು ಮಾಸ್ಟರು ಕತ್ತರಿಸಿ ಚಿಕ್ಕದು ಮಾಡಿ, ಉಳಿದ ಬಟ್ಟೆಯಲ್ಲಿ ತಮಟೆಗೆ ಗವಸು ಹೊಲಿಯಲು ಕೊಟ್ಟಿದ್ದರು. ಒಂದು ಅಳತೆಯೂ ಹೋಗಿರಲಿಲ್ಲ. ಅವನು ಮುಖ ತೊಳೆದು, ತಲೆ ಬಾಚಿ, ಕುರ್ಚಿಯಲ್ಲಿ ನೆಟ್ಟಗೆ ಕೂತ.

ಐದಕ್ಕೆ ಸರಿಯಾಗಿ ಯಜಮಾನರು ಬಂದರು. "ಏನು, ಎಲ್ಲ ಸರಿಯಾಗಿ ನಡೀತಿದೆಯಾ?"

"ಸರಿಯಾಗಿದೆ ಸಾರ್."

"ಅಳತೆಗಳು?"

"ಒಂದೂ ಹೋಗಿಲ್ಲ ಸಾರ್."

"ಭೇಷ್. ಎದ್ದೇಳಿ, ನಿಮ್ಮ ಪತ್ರ ತೆಗೆಯೋಣ." ಯಜಮಾನರು ತಾವೇ ಕುರ್ಚಿಯಲ್ಲಿ ಕೂತು ಒಂದೇ ಬೆರಳಿನಲ್ಲಿ ಗುಂಡಿ ಒತ್ತತೊಡಗಿದರು. "ನಿಮಗೆ ಗೊತ್ತಿಲ್ಲ. ಮೂರು ವಾರದ ಹಿಂದೆ ಒಂದು ಭಾನುವಾರ ನಾನೇ ಬಂದು ಕೂತು, ಕಾಯಂ ಸಿಬ್ಬಂದಿ ಪಟ್ಟಿಗೆ ನಿಮ್ಮ ಹೆಸರು ಸೇರಿಸಿದೆ. ಪತ್ರ ಮಾತ್ರ ಪ್ರಿಂಟ್ ಮಾಡೋದು ಉಳಿದಿತ್ತು."

ಸಿಬ್ಬಂದಿಯ ಪಟ್ಟಿಯೂ ಆ ಮೆಷೀನಿನಲ್ಲೇ ಇತ್ತು. ಅದು ಯಜಮಾನರ ವಿಷಯ, ಇಣುಕಿ ನೋಡುವುದು ಸಭ್ಯತೆಯಲ್ಲ ಎಂದು ಕಂಪ್ಯೂಟರಪ್ಪ ಒಂದು ದಿನವೂ ಅದನ್ನು ತೆರೆದವನಲ್ಲ. ಮೂರು ವಾರ. ಪೆನ್‌ಡ್ರೈವಿನ ಪ್ರತಿಗೆ ಐದು ವಾರ. ಮಧ್ಯಾಹ್ನ ಅದನ್ನು ಕೂರಿಸಿದಾಗ ತನ್ನ ಹೆಸರನ್ನು ಅವನು ತಾನೇ ಅಳಿಸಿದ್ದ.

ಯಜಮಾನರು ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದರು, ಕೆಳಗಿನಿಂದ ಮೇಲೆ ನೋಡಿದರು. ಬ್ರಾಂಚಿಗೆ ಫೋನ್ ಮಾಡಿ ಅಲ್ಲಿನ ಪಟ್ಟಿಯನ್ನು ಓದಿಸಿ ಕೇಳಿದರು.

"ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಹಾಕಿದ್ದೆ ಅಂತ ಚೆನ್ನಾಗಿ ನೆನಪು. ಈ ಮೂರು ವಾರದಲ್ಲಿ ಇದರೊಳಗೆ ಏನಾದ್ರೂ ಕಳೆದುಹೋಗಿರಬಹುದಾ? ಹೇಳಿ."

ಮಹಡಿಯ ಮೇಲೆ ಕತ್ತರಿ ನಿಂತಿತು. ಅಕ್ಕ ಆರ್ಡರ್ ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡು ಓದತೊಡಗಿದಳು. ಹೌದು ಅಂದರೆ ಬೆಳಗಿನಿಂದ ನಡೆದದ್ದೆಲ್ಲ ಹೇಳಬೇಕು. ಹೇಳಿದರೆ ಹೆಸರು ಸೇರಿಸುವ ಮಾತಿರಲಿ, ನಾಳೆ ಬರುವ ಮಾತೂ ಇರುವುದಿಲ್ಲ.

"ಇಲ್ಲ ಸಾರ್" ಅಂದ ಕಂಪ್ಯೂಟರಪ್ಪ. "ಏನೂ ಕಳೆದಿಲ್ಲ."

"ಹಾಗಾದ್ರೆ ನಾನು ಹಾಕೇ ಇಲ್ಲ. ವಯಸ್ಸಾಯ್ತು ನೋಡಿ." ಯಜಮಾನರು ಹಣೆ ಉಜ್ಜಿಕೊಂಡರು. "ಆದರೆ ಭಾನುವಾರ ಬಂದು ಕೂತವನು ಹಾಕದೆ ಎದ್ದು ಹೋಗಿದ್ದೀನಿ ಅಂದ್ರೆ ಏನೋ ಕಾರಣ ಇದ್ದಿರಬೇಕು. ನಾನು ಕಾರಣ ಇಲ್ಲದೆ ಯಾವುದನ್ನೂ ಬಿಡೋನಲ್ಲ. ಅದು ನೆನಪಾಗೋವರೆಗೂ ಹೀಗೇ ಇರಿ. ಇನ್ನೊಂದು ಆರು ತಿಂಗಳು ನೋಡೋಣ."

"ಸಾರ್, ಇನ್ನು ಮುಂದೆ ದಿನಾ ಒಂದು ಬ್ಯಾಕಪ್ ಕೂಡ..."

"ಏನೂ ಕಳೆಯದೇ ಇದ್ದ ಮೇಲೆ ಅದ್ಯಾಕ್ರೀ?" ಅವರ ಕಣ್ಣು ಮತ್ತೆ ಪಟ್ಟಿಯ ಮೇಲೆ ಹೋಯಿತು. "ಇದೇನಿದು? ಇಸ್ತ್ರಿಯವನನ್ನ ಎರಡು ವಾರದ ಹಿಂದೆ ನಾನು ತೆಗೆದುಹಾಕಿದ್ದೆನಲ್ಲ, ಮೂರು ಕೋಟು ಸುಟ್ಟ ಅಂತ. ಇಲ್ಲಿ ಕಾಯಂ ಅಂತಲೇ ಇದೆ. ಸಿಟ್ಟಲ್ಲಿ ಬಾಯಲ್ಲಿ ಹೇಳಿ, ಮನಸ್ಸು ಬಾರದೆ ಪಟ್ಟಿಯಲ್ಲಿ ಬಿಟ್ಟಿದ್ದೀನಿ ಅಂತ ಕಾಣುತ್ತೆ. ಪಾಪ, ಫೋನ್ ಮಾಡಿ ನಾಳೆಯಿಂದ ಬರೋಕೆ ಹೇಳಿ."

ಯಜಮಾನರು ಹೋದ ಮೇಲೆ ಕಂಪ್ಯೂಟರಪ್ಪ ಫೋನ್ ಎತ್ತಿಕೊಂಡ.

"ಅಣ್ಣಾ, ನಾಳೆಯಿಂದ ಕೆಲಸಕ್ಕೆ ಬರಬೇಕಂತೆ. ನೀವಿನ್ನೂ ಕಾಯಂ ಪಟ್ಟಿಯಲ್ಲಿ ಇದ್ದೀರಂತೆ."

ಇಸ್ತ್ರಿಯವನು ಅದನ್ನು ಎರಡು ಸಲ ಹೇಳಿಸಿ ಕೇಳಿಕೊಂಡು, "ನಿಮ್ಮದೇನಾಯ್ತಪ್ಪ?" ಅಂದ.

"ನಂದು ಆಗಿಲ್ಲ."

"ಚಿಂತೆ ಮಾಡಬೇಡಿ" ಅಂದ ಇಸ್ತ್ರಿಯವನು. "ನಾಳೆ ಬಂದು ನಿಮ್ಮ ಪರವಾಗಿ ನಾನೇ ಒಂದು ಮಾತು ಹೇಳ್ತೀನಿ. ಕಾಯಂ ಆದವರ ಮಾತು ಅಲ್ಲಿ ನಡೆಯುತ್ತೆ."